ತಿರುಗುವ ಚರ್ಚು

ಗಂಗಾಧರ ಚರ್ಚು ಕಟ್ಟಲು ಹೊರಟಿದ್ದು ಭಕ್ತಿಯಿಂದಲ್ಲ, ಅವಮಾನದಿಂದ. ಅಪ್ಪನಿಗೆ ಕೈಯಲ್ಲಿ ಮಾಡುವ ಕೆಲಸ ಒಂದೂ ಬರುವುದಿಲ್ಲ, ಪಾಪ ಐಟಿಯಲ್ಲಿದ್ದಾನೆ ಎಂದು ಮಗಳು ಅನನ್ಯ ಫೋನಿನಲ್ಲಿ ಗೆಳತಿಗೆ ಹೇಳುತ್ತಿದ್ದುದು ಅವನ ಕಿವಿಗೆ ಬಿದ್ದಿತ್ತು. ಲಾಕ್‌ಡೌನ್ ಬಂದು ಮಲೇಷ್ಯಾದ ಪೆಟಾಲಿಂಗ್ ಜಯಾದ ಅವನ ಫ್ಲ್ಯಾಟೇ ಆಫೀಸೂ ಆದಮೇಲೆ ಮನೆಯಲ್ಲಿ ಅವನ ಮರ್ಯಾದೆ ಇಳಿಯುತ್ತಲೇ ಇತ್ತು. ಇಡೀ ದಿನ ಲ್ಯಾಪ್‌ಟಾಪಿನ ಮುಂದೆ ತಲೆಯಾಡಿಸುವವನನ್ನು ಮಗಳಾದರೂ ಎಷ್ಟು ಗೌರವಿಸಿಯಾಳು? ಒಂದೇ ಒಂದು ಸಲ ಅವಳು ನಾಲ್ಕು ಜನರ ಮುಂದೆ ‘ಇದು ನನ್ನಪ್ಪ’ ಎಂದು ಹೆಮ್ಮೆಯಿಂದ ಹೇಳಬೇಕು ಎಂಬ ಆಸೆ ಅವನಿಗೆ ಹತ್ತಿಬಿಟ್ಟಿತು.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನ ಊರ ಚರ್ಚುಗಳನ್ನು ಹೇಗೆ ಕಟ್ಟುತ್ತಿದ್ದರು ಎಂಬುದು ಅವಳ ಶಾಲೆಯ ಪ್ರಾಜೆಕ್ಟು. ಶುಕ್ರವಾರ ಸಂಜೆ ಆನ್‌ಲೈನ್ ತರಗತಿಯಲ್ಲಿ ತೋರಿಸಬೇಕಿತ್ತು. ಗಂಗಾಧರ ಅಂದು ರಜೆ ಹಾಕಿದ.

“ನೋ ನೀಡ್ ಅಪ್ಪ, ಐ ಹ್ಯಾವ್ ಆ್ಯನ್ ಐಡಿಯಾ,” ಎಂದಳು ಅನನ್ಯ.

“ನೀನು ಸುಮ್ನೆ ಕೂತು ನೋಡು.”

ಅವಳು ಟ್ಯಾಬ್ಲೆಟ್ ಹಿಡಿದು ಬಾಲ್ಕನಿಯ ಮೂಲೆಯಲ್ಲಿ ಸುಮ್ಮನೆ ಕೂತಳು. ಗಂಗಾಧರ ನೂಡಲ್ಸಿನ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ಗೋಡೆ ನಿಲ್ಲಿಸಿದ. ಅಷ್ಟರಲ್ಲಿ ಅತ್ತೆ ಕಾಂತಮ್ಮ ಮೈದಾ ಅಂಟಿನ ಪಾತ್ರೆ ಹಿಡಿದು ಬಂದರು. ಮೊಮ್ಮಗಳನ್ನು ನೋಡಲು ಮೈಸೂರಿನಿಂದ ಬಂದು, ವಿಮಾನಗಳು ನಿಂತು ಅಲ್ಲೇ ಉಳಿದುಹೋದವರು ಅವರು.

“ಬಾಗ್ಲು ಯಾವ ದಿಕ್ಕಿಗೆ?”

“ಪಶ್ಚಿಮಕ್ಕೆ ಅತ್ತೆ. ಚರ್ಚಿಗೆ ಹಾಗೇ ಇರುತ್ತಂತೆ.”

“ಯಾವ ದೇವ್ರಾದ್ರೂ ವಾಸ್ತು ವಾಸ್ತುನೇ. ಮಗು ಮಾರ್ಕ್ಸಿನ ವಿಷಯ. ಪೂರ್ವಕ್ಕಿಡಿ.”

“ಆಯ್ತು ಅತ್ತೆ,” ಎಂದು ಗಂಗಾಧರ ಚರ್ಚನ್ನು ತಿರುಗಿಸಿದ.

ಪಕ್ಕದ ಬಾಲ್ಕನಿಯಿಂದ ಮಾಸ್ಕಿನೊಳಗಿನ ಕೆಮ್ಮು ಕೇಳಿಸಿತು. ಉಡುಪಿಯ ದೇವದಾಸರು. ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವವರು, ಊರಿನಲ್ಲಿದ್ದಾಗ ಚರ್ಚ್ ಕಮಿಟಿಯಲ್ಲಿದ್ದವರು.

“ಎಂಥ ಮಾರಾಯ್ರೆ, ಪೂರ್ವಕ್ಕೆ ಬಾಗಿಲಿಟ್ರೆ ಆಲ್ಟರ್ ಎಲ್ಲಿ ಇಡೂದು? ಬೆಳಗಿನ ಬಿಸಿಲು ಅದರ ಹಿಂದಿನ ಕಿಟಕಿಯಿಂದ್ಲೇ ಬರ್ಬೇಕಲ್ವಾ?”

“ಆಯ್ತು ಸರ್.” ಚರ್ಚು ಮತ್ತೆ ತಿರುಗಿತು.

ಪ್ರದಕ್ಷಿಣೆಗೆ ಜಾಗವಿಲ್ಲದ ದೇವಸ್ಥಾನ ಎಂಥದ್ದು ಎಂದರು ಕಾಂತಮ್ಮ. ಗಂಗಾಧರ ಗೋಡೆಗಳನ್ನು ಆಚೆಗೆ ಸರಿಸಿದ. ಈಗ ಮೇಲೆ ಹೊದಿಸುವ ಮಾಡು ಸಾಲಲಿಲ್ಲ. ಹೋಟೆಲಿನಿಂದ ಊಟ ಕಟ್ಟಿಸಿ ತರುವ ತಪಾವ್ ಡಬ್ಬಿಗಳ ಮುಚ್ಚಳ ಜೋಡಿಸಿ ಮುಚ್ಚುವಾಗ, ಹಿಮ ಜಾರಿಹೋಗಲು ಮಾಡು ಕಡಿದಾಗಿರಬೇಕು ಎಂದು ದೇವದಾಸರು ವಿವರಿಸಿದರು. ಈ ಸೆಕೆಯಲ್ಲಿ ಹಿಮ ಎಲ್ಲಿಂದ ಬರುತ್ತದೆ, ಚಪ್ಪಟೆಯಾಗಿದ್ದರೆ ಹಪ್ಪಳವನ್ನಾದರೂ ಒಣಗಿಸಬಹುದು ಎಂದರು ಕಾಂತಮ್ಮ. ಇಬ್ಬರೂ ಹಿರಿಯರು. ಗಂಗಾಧರ ಒಂದು ಬದಿ ಕಡಿದಾಗಿ, ಇನ್ನೊಂದು ಬದಿ ಚಪ್ಪಟೆಯಾಗಿ ಮಾಡು ಹೊದಿಸಿದ. ಗೋಪುರದ ತುದಿಗೆ ಶಿಲುಬೆ ಇಟ್ಟ, ಅದರ ಕೆಳಗೆ ಕಳಶ ಇಟ್ಟ.

ದಿಕ್ಕಿನ ಜಗಳ ಮಾತ್ರ ಮುಗಿಯಲಿಲ್ಲ. ಆಗ ಅವನಿಗೊಂದು ಉಪಾಯ ಹೊಳೆಯಿತು. ಊಟದ ಮೇಜಿನ ಮೇಲಿದ್ದ, ಪಲ್ಯ ಸಾರು ಸುತ್ತಿಸುವ ತಿರುಗು ತಟ್ಟೆಯನ್ನು ತಂದು ಅದರ ಮೇಲೆ ಚರ್ಚನ್ನು ಕೂರಿಸಿದ. ಅತ್ತೆ ಬಂದರೆ ಬಾಗಿಲು ಪೂರ್ವಕ್ಕೆ, ದೇವದಾಸರು ಇಣುಕಿದರೆ ಪಶ್ಚಿಮಕ್ಕೆ. ಇಬ್ಬರೂ ಒಟ್ಟಿಗೆ ಬಂದಾಗ ಚರ್ಚು ಗಿರಗಿರನೆ ಸುತ್ತುತ್ತಿತ್ತು. ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡು ಊಟವನ್ನೂ ಮರೆತ.

ಮಧ್ಯಾಹ್ನದ ಮಳೆ ಬಂದು ಬಾಲ್ಕನಿಗೆ ಎರಚಲು ಹೊಡೆಯಿತು. ಮೈದಾ ಅಂಟು ಕರಗಿ ಮಾಡು ಹೊಟ್ಟೆ ಬಿಟ್ಟಿತು. ಹೇರ್ ಡ್ರೈಯರ್ ಹಿಡಿದು ಒಣಗಿಸಿದ್ದೇ ತಡ, ಗೋಪುರ ಸೊಟ್ಟಗಾಯಿತು. ಆ ಹೊತ್ತಿಗೆ ತರಗತಿ ಶುರುವಾಗಿತ್ತು.

ಗಂಗಾಧರ ಚರ್ಚನ್ನು ಕ್ಯಾಮೆರಾ ಮುಂದಿಟ್ಟು, ನಗುತ್ತ ತಟ್ಟೆಯನ್ನು ಮೆಲ್ಲಗೆ ತಿರುಗಿಸಿದ. ಗೋಪುರ ಮಾಡಿನ ಮೇಲೆ ಬಿತ್ತು, ಮಾಡು ಒಳಗೆ ಕುಸಿಯಿತು. ಪರದೆಯ ತುಂಬ ಮಕ್ಕಳೂ ಅಪ್ಪ ಅಮ್ಮಂದಿರೂ ಕಣ್ಣರಳಿಸಿ ನೋಡುತ್ತಿದ್ದರು. ಅವನಿಗೆ ಅಳು ಬಂತು.

ಅನನ್ಯ ಗಾಬರಿಯಾಗಲೇ ಇಲ್ಲ. ಪರದೆ ಹಂಚಿಕೊಂಡು, ಬೆಳಗಿನಿಂದ ಮೂಲೆಯಲ್ಲಿ ಕೂತು ಟ್ಯಾಬ್ಲೆಟ್ಟಿನಲ್ಲಿ ಸೆರೆಹಿಡಿದಿದ್ದ ಒಂದು ವಿಡಿಯೋ ಹಾಕಿದಳು. ಅಂದಿನ ಕಾಲದಲ್ಲಿ ಪಾದ್ರಿ ಒಂದು ಹೇಳುತ್ತಿದ್ದ, ದಾನಿ ಇನ್ನೊಂದು ಹೇಳುತ್ತಿದ್ದ, ನಡುವೆ ಸಿಕ್ಕ ವಾಸ್ತುಶಿಲ್ಪಿ ಎಷ್ಟು ಪಾಡುಪಡುತ್ತಿದ್ದ ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ವಿಡಿಯೋದಲ್ಲಿ ಪಾದ್ರಿಯಾಗಿ ದೇವದಾಸರಿದ್ದರು, ದಾನಿಯಾಗಿ ಕಾಂತಮ್ಮ. ನಡುವೆ ಗಂಗಾಧರ ‘ಆಯ್ತು ಅತ್ತೆ, ಆಯ್ತು ಸರ್’ ಎನ್ನುತ್ತ ಚರ್ಚು ಸುತ್ತಿಸುತ್ತಿದ್ದ. ತರಗತಿಯಿಡೀ ಬಿದ್ದು ಬಿದ್ದು ನಕ್ಕಿತು. ಕೊನೆಯ ಕುಸಿತವಂತೂ ನೇರ ಪ್ರಸಾರದಲ್ಲೇ ಸಿಕ್ಕಿತಲ್ಲ ಎಂದು ಟೀಚರ್ ಪೂರ್ತಿ ಅಂಕ ಕೊಟ್ಟರು. ಶಿಲ್ಪಿ ಎಷ್ಟು ಸಹಜವಾಗಿ ನಟಿಸಿದ್ದಾರೆ, ಇವರು ನಾಟಕದವರೇ ಎಂದು ಕೇಳಿದರು.

“ನೋ ಟೀಚರ್, ದಟ್ಸ್ ಮೈ ಅಪ್ಪ,” ಎಂದಳು ಅನನ್ಯ, ಅವನು ಬಯಸಿದ್ದ ಅದೇ ಹೆಮ್ಮೆಯಲ್ಲಿ. “ಹಿ ಈಸ್ ಆಲ್ವೇಸ್ ಲೈಕ್ ದಿಸ್ ಲಾ,” ಎಂದು ಮಲೇಷ್ಯಾದ ಮಕ್ಕಳ ಧಾಟಿಯಲ್ಲೇ ಸೇರಿಸಿದಳು.

ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಅವಳು ಅಪ್ಪನ ಕೊರಳಿಗೆ ಜೋತುಬಿದ್ದಳು. “ನೆಕ್ಸ್ಟ್ ಫ್ರೈಡೇ ರೈಲ್ವೆ ಸ್ಟೇಷನ್ ಅಪ್ಪ. ನೀನೇ ಮಾಡು. ಸೇಮ್ ಹೀಗೇ, ಪ್ಲೀಸ್. ಚೆನ್ನಾಗಿ ಮಾಡ್ಬೇಡ.”

ಗಂಗಾಧರ ಆ ಶುಕ್ರವಾರಕ್ಕೂ ರಜೆ ಹಾಕಿದ.