ಕೋಳಿಯ ಸಂಪರ್ಕ ಸಂಖ್ಯೆ

ಸಾಕು ಕೋಳಿಗಳಿಗೆ ಉಸಿರಾಟದ ಸೋಂಕು ಎಷ್ಟರಮಟ್ಟಿಗೆ ತಗುಲಿದೆ ಎಂಬುದನ್ನು ಅಳೆಯಲು ನಮ್ಮ ಇಲಾಖೆಯು ನಮೂನೆ ಏಳನ್ನು ಜಾರಿಗೆ ತಂದಿದೆ. ಕೋಳಿಯ ರೆಕ್ಕೆಯಡಿಯಿಂದ ರಕ್ತ ತೆಗೆದು, ಪರೀಕ್ಷೆಯಲ್ಲಿ ಬಂದ ಅಂಕಿಯನ್ನು ‘ಸಂಪರ್ಕ’ ಎಂಬ ಕಲಂನಲ್ಲಿ ಬರೆಯತಕ್ಕದ್ದು. ಅಂಕಿ ಸಾವಿರ ದಾಟಿದರೆ ಕೋಳಿಗೆ ಸೋಂಕಿನ ಸಂಪರ್ಕವಾಗಿದೆ ಎಂದರ್ಥ. ಅಂಥ ಫಾರಂನ ಕೋಳಿಗಳನ್ನೆಲ್ಲ ಏಳು ದಿನದೊಳಗೆ ಗುಂಡಿ ತೋಡಿ ಹೂಳತಕ್ಕದ್ದು.

ನಮ್ಮ ಗುಮಾಸ್ತರು ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ‘ಸಂಪರ್ಕ’ ಎಂದಿರುವ ಕಡೆಯಲ್ಲೆಲ್ಲ ಫೋನ್ ನಂಬರನ್ನೇ ಬರೆದವರು. ಇಲ್ಲೂ ಬರೆದರು. ಹೀಗಾಗಿ, ಎರಡು ಸಾವಿರ ಕೋಳಿ ಸಾಕಿರುವ ಮೊಟ್ಟೆಯಕ್ಕನ ಫಾರಂನಲ್ಲಿ ಒಂಬೈನೂರು ಕೋಟಿಗೂ ಮಿಕ್ಕಿದ ಸೋಂಕು ದಾಖಲಾಯಿತು.

ಹೂಳುವ ಆದೇಶ ಕೈಸೇರಿದ ದಿನವೇ ಅಕ್ಕ ಓಡೋಡಿ ಬಂದರು.

“ಸಾರ್, ನನ್ನ ಕೋಳಿ ಒಂದೂ ಕೆಮ್ಮಿಲ್ಲ. ರಕ್ತ ತೆಗೆದ ಡಾಕ್ಟ್ರೇ ಇನ್ನೂರ ಹತ್ತು ಅಂದಿದ್ರು. ನೀವು ಬರೆದಿರೋದು ನನ್ನ ಫೋನ್ ನಂಬರು!”

“ಹೌದಕ್ಕ, ನಿಮ್ದೇ. ನಂಬರಲ್ಲೇನಾದ್ರೂ ತಪ್ಪಿದ್ಯಾ?”

“ಇಲ್ಲ, ನಂಬರು ಸರಿಯಾಗೇ ಇದೆ…”

“ಮತ್ತೆ ತಿದ್ದೋದಾದ್ರೂ ಏನನ್ನ?” ಎಂದರು ಗುಮಾಸ್ತರು, ನಿಜವಾದ ಕಳಕಳಿಯಿಂದ.

ಅಕ್ಕ ಬೆಂಚಿನ ಮೇಲೆ ಕುಸಿದು ಕೂತು ಅತ್ತುಬಿಟ್ಟರು. ಒಂದು ದಿನದ ಮರಿಗಳಾಗಿದ್ದಾಗ ತಂದು ಸಾಕಿದ ಕೋಳಿಗಳು ಅವು. ನನ್ನ ಕರುಳು ಚುರುಕ್ಕೆಂದಿತು. ಆದರೆ ಕರುಳಿಗೆ ನಮೂನೆ ಏಳರಲ್ಲಿ ಕಲಂ ಇಲ್ಲ.

ಗುಮಾಸ್ತರೇನು ಕಲ್ಲಲ್ಲ. ಸುತ್ತೋಲೆಯನ್ನು ಹಿಂದೆಮುಂದೆ ತಿರುವಿ ನೋಡಿದರು.

“ತಿದ್ದೋಕೆ ಬರಲ್ಲ. ನಂಬರ್ ಬದಲಾವಣೆಗೆ ಮಾತ್ರ ಅವಕಾಶ ಇದೆ. ಸಾವಿರದೊಳಗಿನ ನಂಬರ್ ಯಾವುದಾದ್ರೂ ಗೊತ್ತಾ?”

ಅಕ್ಕ ಕಣ್ಣೊರೆಸಿಕೊಂಡು, ಅಗ್ನಿಶಾಮಕ ದಳದ ಮೂರಂಕಿಯ ನಂಬರು ಕೊಟ್ಟರು. ಕೋಳಿಗಳು ಬದುಕಿಕೊಂಡವು. ವಾರದೊಳಗೆ ಸುತ್ತಲಿನ ಫಾರಂನವರೆಲ್ಲ ಅದೇ ನಂಬರು ಬರೆಸಿದ್ದರಿಂದ ಸೋಂಕು ಸಂಪೂರ್ಣ ಹತೋಟಿಗೆ ಬಂತು. ನಮ್ಮ ಕಚೇರಿಗೆ ಪ್ರಶಂಸಾಪತ್ರವೂ ಬಂತು.

ಎರಡು ತಿಂಗಳ ಮೇಲೆ ಅಕ್ಕ ಮತ್ತೆ ಬಂದರು. ಈ ಸಲ ಕೋಳಿಗಳು ನಿಜವಾಗಿಯೂ ಕೊಕ್ಕು ತೆರೆದು ಗೊರಗೊರ ಎನ್ನುತ್ತಿದ್ದವು.

“ಔಷಧಿ ಕೊಡಿಸಿ ಸಾರ್. ಬೆಳಿಗ್ಗೆಯಿಂದ ನಲವತ್ತು ಸತ್ತಿವೆ.”

ಗುಮಾಸ್ತರು ಕಡತ ತೆಗೆದು ನೋಡಿದರು. “ನಿಮ್ಮ ಕೋಳಿಗೆ ಸೋಂಕೇ ಇಲ್ವಲ್ಲಕ್ಕ. ಔಷಧಿ ಹೇಗೆ ಕೊಡ್ಲಿ?”

“ಹಂಗಾದ್ರೆ ಹಳೇ ನಂಬರೇ ಹಾಕ್ಬಿಡಿ!”

“ಹಾಕಿದ್ರೆ ಅಷ್ಟನ್ನೂ ಹೂಳ್ಬೇಕಾಗುತ್ತೆ.”

ಅಕ್ಕ ಬರಿಗೈಯಲ್ಲಿ ಫಾರಂಗೆ ವಾಪಸಾದರು.

ಆ ವಾರ ಸತ್ತ ಸಾವಿರದ ಇನ್ನೂರು ಕೋಳಿಗಳಿಗೂ ಡಾಕ್ಟರು ಮರಣ ಪ್ರಮಾಣಪತ್ರ ಬರೆದುಕೊಟ್ಟರು. ಕಡತಕ್ಕೆ ವಿರುದ್ಧವಾಗಿ ಬರೆಯುವಂತಿಲ್ಲವಾದ್ದರಿಂದ, ಸಾವಿನ ಕಾರಣ ‘ಪೂರ್ಣ ಆರೋಗ್ಯ’ ಎಂದಿತ್ತು. ಅಕ್ಕ ಒಂದೊಂದನ್ನೂ ಓದಿ, ತೋರಿಸಿದಲ್ಲೆಲ್ಲ ಸಹಿ ಹಾಕಿದರು. ಆಮೇಲೆ, ಉಳಿದ ಎಂಟುನೂರು ಕೋಳಿಗಳ ಪತ್ರಗಳನ್ನೂ ಇವತ್ತೇ ಕೊಟ್ಟರೆ ಇನ್ನೊಂದು ಸಲ ಬರುವುದು ತಪ್ಪುತ್ತದೆ ಎಂದರು. ಅದಕ್ಕೆ ಅಡ್ಡಿಯಿಲ್ಲ ಎಂದು ನಾವು ಅವತ್ತೇ ಕೊಟ್ಟೆವು.