ರೆಪ್ಪೆ ಮಿಟುಕಿಸುವಷ್ಟರಲ್ಲಿ ಬ್ಯಾಕಪ್!

"ಅನಾಹುತ ಹೇಳಿ ಕೇಳಿ ಬರಲ್ಲ ಸಾರ್, ಇವತ್ತೇ ಎಚ್ಚರ ವಹಿಸಿ!" ಎಂದು ಕಂಡಕಂಡವರಿಗೆಲ್ಲ ಉಪದೇಶ ಮಾಡಿ ಹೊಟ್ಟೆ ಹೊರೆಯುವ ವಿಮಾ ಕಚೇರಿಯ ನೌಕರ ನಾನು. ಅಂಥವನ ಮನೆಯ ಕಂಪ್ಯೂಟರಿಗೇ ರಕ್ಷಣೆಯಿಲ್ಲವೆಂದರೆ! ಒಂದು ಭಾನುವಾರ ಬೆಳಿಗ್ಗೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕೊಂದನ್ನು ಎತ್ತಿ ಹಿಡಿದು, ದಂಡಯಾತ್ರೆಗೆ ಹೊರಟ ಸೇನಾಪತಿಯಂತೆ ಘೋಷಿಸಿಯೇಬಿಟ್ಟೆ.

"ಇವತ್ತು ಕಂಪ್ಯೂಟರಲ್ಲಿ ಇರೋದನ್ನೆಲ್ಲ ಇದಕ್ಕೆ ತುಂಬಿಸಿ, ಅದನ್ನ ತೊಳೆದಿಟ್ಟ ಪಾತ್ರೆ ಥರ ಮಾಡಿಬಿಡ್ತೀನಿ. ಆಮೇಲೆ ನೋಡು ಅದರ ಓಟ!"

ಹೆಂಡತಿ ಗಾಬರಿಯಾದಳು. "ರೀ, ಅದರಲ್ಲಿ ನನ್ನ ಕಾದಂಬರಿ ಇದೆ."

ಕಾದಂಬರಿ ಎಂದರೆ ಅವಳು ಬರೆದದ್ದಲ್ಲ, ಓದಿದ್ದು. ಕಣ್ಣು ಕಾಣದವರ ಗ್ರಂಥಾಲಯಕ್ಕಾಗಿ ತಲೆದಿಂಬಿನಷ್ಟು ದಪ್ಪದ ಕಾದಂಬರಿಯೊಂದನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುತ್ತಿದ್ದಳು. ದಿನಾ ಕೆಲಸದಿಂದ ಬಂದವಳೇ ಬಟ್ಟೆಯ ಬೀರುವಿನ ಪಕ್ಕ ಕೂತು, ಹೊರಗಿನ ಸದ್ದು ಬೀಳದಿರಲೆಂದು ತಲೆಯ ಮೇಲೆ ಕಂಬಳಿ ಹೊದ್ದು, ಬೆವರು ಸುರಿಸಿಕೊಂಡು ಓದುವಳು. ಅವಳು ಪೆನ್‌ಡ್ರೈವಿನಲ್ಲಿ ಕೊಡುವ ಪ್ರತಿ ಅಧ್ಯಾಯದ ಕಚ್ಚಾ ಪ್ರತಿಯನ್ನು ತಮ್ಮ ಪ್ಲೇಯರಿಗೆ ಹಾಕಿಕೊಂಡು, ಕೇಳಿ, ತಪ್ಪು ಹೇಳುವವರು ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರು. ಅವರಿಗೂ ದೃಷ್ಟಿಯಿಲ್ಲ. "ಕೇಳಿದ ಮೇಲೆ ಅಳಿಸಿಬಿಡಿ ಮೇಷ್ಟ್ರೇ, ಚೊಕ್ಕ ಪ್ರತಿ ಆಮೇಲೆ ಕೊಡ್ತೀನಿ" ಎಂಬುದು ಇವಳ ಕರಾರು. ತಿಂಗಳುಗಟ್ಟಲೆ ನಡೆದ ಆ ಕೆಲಸದಲ್ಲಿ ಕೊನೆಯ ಅಧ್ಯಾಯ ಒಂದೇ ಬಾಕಿ ಇತ್ತು.

"ನಿನ್ನ ಕಾದಂಬರಿಗೆ ನಾನು ಜವಾಬ್ದಾರಿ!" ಎಂದು ಎದೆ ತಟ್ಟಿಕೊಂಡೆ. ಪರದೆಯ ಮೇಲಿದ್ದ ಪುಟ್ಟ ಪುಟ್ಟ ಚಿತ್ರಗಳನ್ನೆಲ್ಲ ಒಟ್ಟಿಗೆ ಹಿಡಿದು ಡಿಸ್ಕಿಗೆ ಎಳೆದು ಹಾಕಿದೆ. ರೆಪ್ಪೆ ಮಿಟುಕಿಸುವಷ್ಟರಲ್ಲಿ ಕಾಪಿ ಮುಗಿದಿತ್ತು!

"ಇಷ್ಟು ಬೇಗನಾ? ಒಂದು ಅಧ್ಯಾಯ ಪೆನ್‌ಡ್ರೈವಿಗೆ ಹಾಕೋಕೇ ನಾನು ಕಾದು ಕಾದು ಸುಸ್ತಾಗ್ತೀನಿ."

"ಅದು ನಿನ್ನ ಪೆನ್‌ಡ್ರೈವ್. ಇದು ನನ್ನ ಡಿಸ್ಕ್!"

"ಒಂದ್ಸಲ ತೆಗೆದು ನೋಡ್ರೀ."

"ನೋಡಿದೆ ಕಣೇ. ಎಲ್ಲಾ ಸಾಲಾಗಿ ಕೂತಿವೆ. 'ಕಾದಂಬರಿ' ಅಂತಾನೂ ಇದೆ. ಇನ್ನೇನು ಬೇಕು?"

ಅದೇ ಹುಮ್ಮಸ್ಸಿನಲ್ಲಿ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿ, ಹೊಸದಾಗಿ ಎಲ್ಲವನ್ನೂ ಹಾಕಿ, ಸಂಜೆ ಅವಳನ್ನು ಕರೆದು ಮಹಾರಾಣಿಯಂತೆ ಕುರ್ಚಿಯಲ್ಲಿ ಕೂರಿಸಿದೆ. ಅವಳು ಡಿಸ್ಕಿನಲ್ಲಿದ್ದ 'ಕಾದಂಬರಿ'ಯ ಮೇಲೆ ಒತ್ತಿದಳು. ಆ ಫೋಲ್ಡರ್ ಸಿಗುತ್ತಿಲ್ಲ ಎಂದಿತು ಕಂಪ್ಯೂಟರ್. ಮತ್ತೆ ಒತ್ತಿದಳು. ಮತ್ತೆ ಅದೇ ಉತ್ತರ. ರಿಪೇರಿಯವನಿಗೆ ಫೋನ್ ಮಾಡಿದೆ.

"ಸಾರ್, ಚಿತ್ರದ ಮೂಲೇಲಿ ಪುಟ್ಟ ಬಾಣ ಇದೆಯಾ?"

"ಇದೆಯಪ್ಪಾ, ಇದೆ!"

"ಹಾಗಾದ್ರೆ ಅದು ಬರೀ ಶಾರ್ಟ್‌ಕಟ್ ಸಾರ್. ಫೈಲ್ ಎಲ್ಲಿದೆ ಅಂತ ದಾರಿ ತೋರಿಸೋ ಬೋರ್ಡು, ಅಷ್ಟೇ."

ಅಂದರೆ ನಾನು ಬೋರ್ಡುಗಳನ್ನು ಜೋಪಾನವಾಗಿ ಎತ್ತಿಟ್ಟು, ಮನೆಯನ್ನೇ ನೆಲಸಮ ಮಾಡಿದ್ದೆ! ಮರುದಿನ ಬಂದು ನೋಡಿದ ಅವನೂ, "ಅಳಿಸಿದ್ದರ ಮೇಲೆ ಬೇರೆ ತುಂಬಿಸಿದ್ದೀರಿ, ಇನ್ನೆಲ್ಲಿ ಸಿಗುತ್ತೆ ಸಾರ್" ಎಂದು ಕೈಚೆಲ್ಲಿದ.

ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕಂಬಳಿ ಮಡಿಸಿ ಬೀರುವಿನೊಳಗಿಟ್ಟು, "ಮತ್ತೆ ಮೊದಲಿಂದ ಓದೋ ಶಕ್ತಿ ನನಗಿಲ್ಲ ರೀ" ಎಂದಳು, ಅಷ್ಟೇ. ಅವಳ ಓದಿನ ದನಿಯೇ ಇಲ್ಲದ ಆ ಸಂಜೆ ಮನೆ ಬಿಕೋ ಎನ್ನುತ್ತಿತ್ತು. ಆ ದನಿ ನನಗೆ ಎಷ್ಟು ಇಷ್ಟವೆಂದು ನನಗೇ ಗೊತ್ತಿರಲಿಲ್ಲ.

"ಮೇಷ್ಟ್ರಿಗೆ ನೀವೇ ಬಂದು ಹೇಳಿ" ಎಂದಳು. ಇಬ್ಬರೂ ಹೋದೆವು. ಬಾಗಿಲಲ್ಲಿ ಷೂ ಬಿಚ್ಚಿ ಒಳಗೆ ಹೋಗಿ, ಕೈಕಟ್ಟಿ ನಿಂತು, ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒದರಿದೆ.

ಮೇಷ್ಟ್ರು ಅವಳತ್ತ ಮುಖ ತಿರುಗಿಸಿದರು. "ಎಲ್ಲಾ ಅಧ್ಯಾಯನೂ ನನ್ನ ಪ್ಲೇಯರಲ್ಲೇ ಇದೆಯಲ್ಲಮ್ಮ! ಒಂದನ್ನೂ ಅಳಿಸಿಲ್ಲ."

"ಅಳಿಸಿ ಅಂದಿದ್ನಲ್ಲ ಮೇಷ್ಟ್ರೇ?" ಎಂದಳು ಹೆಂಡತಿ.

"ಹೇಗಮ್ಮ ಅಳಿಸ್ಲಿ? ಚೊಕ್ಕ ಪ್ರತೀಲಿ ನೀನು ಇವರನ್ನ ಕತ್ತರಿಸಿ ಹಾಕಿಬಿಡ್ತೀಯಲ್ಲ!"

"ನನ್ನನ್ನಾ?" ಎಂದೆ.

"ನಿಮ್ಮನ್ನೇ! ಕಂಬಳಿ ಹೊದ್ರೂ ನಿಮ್ಮನ್ನ ತಡೆಯೋಕಾಗಲಿಲ್ಲ. ನಾಯಕ ಯುದ್ಧಕ್ಕೆ ಹೊರಡೋ ಹೊತ್ತಿಗೆ ಸರಿಯಾಗಿ ಸೀನಿದ್ರಿ. ನಾಯಕಿ ಪ್ರಾಣ ಬಿಡ್ತಿರುವಾಗ ಬಾಗಿಲು ತಟ್ಟಿ, 'ಗ್ಯಾಸ್ ಆರಿಸ್ಲಾ?' ಅಂದ್ರಿ. ಈಯಮ್ಮ 'ಆರಿಸ್ರೀ' ಅಂತ ನಕ್ಕುಬಿಟ್ಟು, ಆಮೇಲೆ ನಾಯಕೀನ ಸಾಯಿಸಿದ್ಲು! ನಿಮ್ಮ ಮನೇಲೇ ಕೂತು ಕಥೆ ಕೇಳಿದ ಹಾಗಿತ್ತು. ಅದನ್ನ ಕಳ್ಕೊಳ್ಳೋಕೆ ಮನಸ್ಸು ಬರಲಿಲ್ಲ."

ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ನಗತೊಡಗಿದಳು. ಮೊಣಕೈಯಿಂದ ನನ್ನ ಪಕ್ಕೆಗೊಂದು ತಿವಿದಳು. ಅಬ್ಬಾ, ಆ ತಿವಿತದಿಂದ ಹೋದ ಜೀವ ಬಂದಂತಾಯಿತು!

"ಅದೆಲ್ಲ ಇರಲಿ," ಮೇಷ್ಟ್ರು ಮುಂದಕ್ಕೆ ಬಾಗಿದರು. "ಒಂದು ವಿಷಯ ಮಾತ್ರ ಕಾದಂಬರಿ ಮುಗೀತಾ ಬಂದ್ರೂ ಗೊತ್ತಾಗಲಿಲ್ಲ. ಅಧ್ಯಾಯಕ್ಕೊಂದ್ಸಲ ಕೇಳ್ತಿದ್ರಲ್ಲ, 'ಲೇ, ನನ್ನ ಇನ್ನೊಂದು ಕಾಲುಚೀಲ ಎಲ್ಲೇ?' ಅಂತ. ಸಿಕ್ಕಿತಾ?"

ತಲೆ ತಗ್ಗಿಸಿದೆ. ಎಡಗಾಲಲ್ಲಿ ಕಪ್ಪು. ಬಲಗಾಲಲ್ಲಿ ಕಂದು.

"ಇಲ್ಲ ಮೇಷ್ಟ್ರೇ!"