ಬಚ್ಚಲ ಕಿಟಕಿಗೊಂದು ಮಡಿ ಪರದೆ

ಮನುಷ್ಯನ ಮರ್ಯಾದೆ ಇರುವುದು ಬಟ್ಟೆಯಲ್ಲಿ ಎನ್ನುತ್ತಾರೆ. ಬಟ್ಟೆ ಕಳಚಿದ ಮೇಲೆ ಅದು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ನನ್ನ ಅನುಭವದಲ್ಲಿ ಅದು ಬಚ್ಚಲಿನ ಕಿಟಕಿಗೆ ಹೋಗಿ ನಿಲ್ಲುತ್ತದೆ, ಆಚೆ ಮನೆಯವರು ನೋಡುತ್ತಿದ್ದಾರೋ ಇಲ್ಲವೋ ಎಂದು ಇಣುಕುತ್ತ.

ಬ್ಯಾಂಕಿನವರು ನನ್ನನ್ನು ನಾಸಿಕದಿಂದ ಔರಂಗಾಬಾದಿಗೆ ಎತ್ತಿ ಹಾಕಿದಾಗ ಸಿಕ್ಕ ಬಾಡಿಗೆ ಮನೆಯಲ್ಲಿ ಎಲ್ಲವೂ ಚೆನ್ನಾಗಿತ್ತು, ಬಚ್ಚಲಿನ ಕಿಟಕಿಯೊಂದನ್ನು ಬಿಟ್ಟು. ಅದಕ್ಕೆ ಕದವಿಲ್ಲ, ಗಾಜಿಲ್ಲ, ಮೂರು ಸರಳು ಮಾತ್ರ. ನೀರು ಕಾಯಿಸುವ ತಾಮ್ರದ ಬಂಬು ಬಚ್ಚಲ ಮೂಲೆಯಲ್ಲೇ ಇದ್ದುದರಿಂದ, ಅದರ ಹೊಗೆ ಹೋಗಲೆಂದು ಮಾಲೀಕರು ಕಿಟಕಿ ಮುಚ್ಚಗೊಟ್ಟಿರಲಿಲ್ಲ. ಕಿಟಕಿಯಾಚೆ ಕೈಚಾಚಿದರೆ ಸಿಗುವಷ್ಟು ದೂರದಲ್ಲಿ ಪಕ್ಕದ ಮನೆಯ ಜೋಶಿ ವಹಿನಿಯ, ಅಂದರೆ ಜೋಶಿ ಅತ್ತಿಗೆಯ, ಅಡಿಗೆಮನೆ. ನಾನು ಮೈಗೆ ಸಾಬೂನು ಹಚ್ಚುವ ಹೊತ್ತಿಗೂ ವಹಿನಿ ಒಗ್ಗರಣೆ ಹಾಕುವ ಹೊತ್ತಿಗೂ ಯಾವ ಜನ್ಮದ ಋಣವೋ, ಎರಡೂ ಒಂದೇ. “ಕಾಯ್ ಭಾವೋಜಿ, ಇವತ್ತು ತಡವಾಯಿತಲ್ಲ” ಎಂದು ಆಕೆ ಮರಾಠಿಯಲ್ಲಿ ಕುಶಲ ಕೇಳುತ್ತಿದ್ದಳು. ಎದೆಯಿಂದ ಮೇಲಷ್ಟೇ ಕಾಣುತ್ತದೆ ಎಂಬುದು ಗೊತ್ತಿದ್ದೂ ನಾನು ಕುಕ್ಕರುಗಾಲಲ್ಲಿ ಕೂತು ಉತ್ತರ ಕೊಡುತ್ತಿದ್ದೆ. ನಡುವೆ ಒಮ್ಮೊಮ್ಮೆ ಎದ್ದು, ಆಕೆಯ ಬಾಣಲೆಯಲ್ಲಿ ಪೋಹೆಯೋ ಥಾಲಿಪೀಠವೋ ಎಂದು ನೋಡಿಕೊಳ್ಳುತ್ತಿದ್ದೆ. ಅದು ಮನುಷ್ಯ ಸಹಜ.

ಪರದೆ ಬೇಕು ಎಂದು ನಾನು ಮನೆಯಲ್ಲಿ ಮಂಡಿಸಿದಾಗ ನನ್ನ ಹೆಂಡತಿ ಸುಧಾ, “ಅಲ್ರೀ, ನಾಸಿಕದಾಗ ಗೋದಾವರಿಯೊಳಗ ಊರ ಮಂದಿ ಮುಂದ ಮುಳುಗಿ ಎದ್ರಿ. ಈಗ ಒಬ್ಬಾಕಿಗೆ ಅಂಜತೀರೇನು?” ಎಂದಳು. ನದಿಯಲ್ಲಿ ಪುಣ್ಯವೇ ಪರದೆ ಎಂದು ನಾನು ವಾದಿಸಿದೆ. ಹತ್ತಿ ಬಟ್ಟೆಯ ಪರದೆ ಎಂಬಲ್ಲಿಗೆ ಮಾತು ಬಂದಾಗ ಅವ್ವ ತಡೆದಳು. ಧಾರವಾಡದ ಮಡಿಯನ್ನು ಮುರಿಯದಂತೆ ಇಷ್ಟು ದೂರ ಹೊತ್ತು ತಂದವಳು ಅವಳು. “ಗಾಳಿಗೆ ಹಾರಿ ಮಡಿ ಸೀರಿಗೆ ಬಡೀತಂದ್ರ? ಮೈಲಿಗಿ ಆಗ್ತದ. ಪರದಿ ಹಾಕೋದಿದ್ರ ರೇಷ್ಮೀದು ಹಾಕು.” ಬಚ್ಚಲಿಗೆ ರೇಷ್ಮೆ ಪರದೆ ಹಾಕಲು ನಾನೇನು ದೌಲತಾಬಾದಿನ ಸುಲ್ತಾನನೇ? ಸುಧಾ ಮೊದಲೇ ಒಂದು ನೈಲಾನ್ ಬಟ್ಟೆ ನೋಡಿಟ್ಟಿದ್ದಳು, ನೀಲಿ ನೀರಿನಲ್ಲಿ ಬಿಳಿ ಹಂಸಗಳು. ಅವ್ವ ನನ್ನನ್ನು ಕರೆದು ನೈಲಾನಿನ ಹುಟ್ಟು ವಿಚಾರಿಸಿದಳು. ಕಾರ್ಖಾನೆಯಲ್ಲಿ ರಾಸಾಯನಿಕದಿಂದ ಮಾಡುತ್ತಾರೆ ಎಂದೆ. ಅವ್ವ ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟಳು: “ಅಂದ್ರ ಗಿಡದ್ದೂ ಅಲ್ಲ, ಹುಳದ್ದೂ ಅಲ್ಲ. ಅದಕ್ಕ ಕುಲ ಇಲ್ಲ, ಮೈಲಿಗೀನೂ ಇಲ್ಲ. ನಡೀತದ.” ಅತ್ತೆ ಸೊಸೆ ಒಂದಾಗಿ ಪರದೆ ಕಟ್ಟಿಸಿದ ಆ ಅಪರೂಪದ ಗಳಿಗೆಯಲ್ಲಿ, ಮೂಲೆಯ ಬಂಬಿನ ನೆನಪು ಮೂವರಿಗೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಟವೆಲ್ ಹೆಗಲ ಮೇಲೆ ಹಾಕಿಕೊಂಡು, ಅವ್ವನ ಸ್ನಾನ ಮುಗಿಯಲೆಂದು ಬಚ್ಚಲ ಹೊರಗೆ ನಿಂತಿದ್ದೆ. ಬಾಗಿಲ ಸಂದಿಯಲ್ಲಿ ಒಮ್ಮೆಲೇ ಕಿತ್ತಳೆ ಬೆಳಕು ಕಂಡಿತು. ಇಷ್ಟು ವರ್ಷಗಳಾದರೂ ಆ ಬೆಳಕು ಕಣ್ಣು ಮುಚ್ಚಿದರೆ ಬರುತ್ತದೆ. ಗಾಳಿಗೆ ಒಳಕ್ಕೆ ಹಾರಿದ ಪರದೆ ಬಂಬಿನ ಬಾಯಿಗೆ ಬಡಿದಿತ್ತು. “ಅವ್ವಾ, ಬಾಗಲಾ ತಗಿ, ಪರದಿಗೆ ಬೆಂಕಿ ಹತ್ತೇದ” ಎಂದು ಬಡಿದೆ. ಅಗಳಿ ಸರಿಯಿತು. ಅವಳ ಬೆನ್ನ ಹಿಂದೆ ಹಂಸಗಳು ಒಂದೊಂದಾಗಿ ಕರಗಿ, ಉರಿಯುವ ಹನಿಗಳಾಗಿ ನೆಲಕ್ಕೆ ಬೀಳುತ್ತಿದ್ದವು. ಸೀರೆಯ ಸೆರಗಿಗೂ ಆ ಹನಿಗಳಿಗೂ ಒಂದು ಗೇಣು. ಹೊರಗೆ ಬರಬೇಕಾದ ಅವ್ವ ಹೊಸ್ತಿಲಲ್ಲೇ ನಿಂತು, “ಸರದು ನಿಲ್ಲಪಾ, ನಿಂದಿನ್ನೂ ಸ್ನಾನ ಆಗಿಲ್ಲ, ಮುಟ್ಟಿಗಿಟ್ಟೀ ನನ್ನ” ಎಂದಳು.

ಆಗ ನಾನೇನು ಮಾಡಿದೆ? ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ ನಾನು “ನೀರು, ನೀರು” ಎನ್ನುತ್ತ ಅಡಿಗೆಮನೆಗೆ ಓಡಿದೆ. ಕುಡಿಯುವ ನೀರಿನ ಕೊಡದಿಂದ ಒಂದು ಲೋಟ ತುಂಬಿಕೊಂಡು, ಚೆಲ್ಲದ ಹಾಗೆ ಜೋಪಾನವಾಗಿ ಹಿಂತಿರುಗಿದೆ. ಅಷ್ಟರಲ್ಲಿ ಬೆಂಕಿ ಆರಿತ್ತು. ಅವ್ವ ಮತ್ತೆ ಒಳಗೆ ತಿರುಗಿ ತಂಬಿಗೆ ಎತ್ತುವಷ್ಟರಲ್ಲೇ ವಹಿನಿ ತನ್ನ ಕಿಟಕಿಯಿಂದ ಕೈಗೆ ಸಿಕ್ಕ ಪಾತ್ರೆಯನ್ನು ಬಗ್ಗಿಸಿದ್ದಳು. ಅದು ರಾತ್ರಿ ಉಳಿದಿದ್ದ ತಣ್ಣನೆಯ ಆಮ್ಟಿ, ಅಂದರೆ ಅವರ ಬೇಳೆ ಸಾರು. ಗುರಿ ಅದ್ಭುತವಾಗಿತ್ತು, ಪ್ರಮಾಣ ಧಾರಾಳವಾಗಿತ್ತು. ಪರದೆ, ಬಂಬು, ಅವ್ವ, ಮೂರಕ್ಕೂ ಸಮವಾಗಿ ಹಂಚಿಕೆಯಾಗಿತ್ತು.

ತಲೆಯ ಮೇಲಿನ ಕರಿಬೇವಿನ ಎಲೆಯನ್ನು ತೆಗೆದು ಅವ್ವ ದಿಟ್ಟಿಸಿದಳು. ತಂಗಳು, ಮುಸುರಿ, ಮೇಲೆ ಉಳ್ಳಾಗಡ್ಡಿ. ಆಮೇಲೆ ನನ್ನ ಕೈಯ ಲೋಟ ನೋಡಿದಳು. “ಬಚ್ಚಲಿಗೆ ನೀರು ತಂದೀಯೇನಪಾ? ಛಲೋ ಆತು. ಇದಕ್ಕೇ ಓದಿಸಿದ್ವಿ ನಿನ್ನ.” ನಂತರ ಕಿಟಕಿಯತ್ತ ತಿರುಗಿ, ತನಗೆ ಬರುವ ಅಷ್ಟಿಷ್ಟು ಮರಾಠಿಯಲ್ಲಿ ವಹಿನಿಗೆ, “ನೂರು ವರ್ಷ ಬಾಳು ಮಗಳೇ, ಆಮ್ಟಿಗೆ ಹುಣಸೆ ಸ್ವಲ್ಪ ಜಾಸ್ತಿಯಾಗಿದೆ” ಎಂದು ಹೇಳಿ ಬಾಗಿಲು ಹಾಕಿಕೊಂಡು, ತಣ್ಣೀರಲ್ಲೇ ಮತ್ತೆ ಸ್ನಾನಕ್ಕೆ ಕೂತಳು.

ಮತ್ತೆ ಪರದೆಯ ಮಾತೆತ್ತಲು ನನಗೆ ಧೈರ್ಯವಿರಲಿಲ್ಲ. ಪ್ರಾಣ ಉಳಿಸಿದ ಕಿಟಕಿಗೆ ಮುಸುಕು ಹಾಕುವುದು ಕೃತಘ್ನತೆ ಎಂದು ಸಮಾಧಾನ ಮಾಡಿಕೊಂಡು ಕುಕ್ಕರುಗಾಲಿಗೇ ಮರಳಿದೆ. ಆದರೆ ಒಂದು ವಾರದೊಳಗೆ ಪರದೆ ಬಂದೇ ಬಂತು, ಆಚೆ ಕಡೆಗೆ. ವಹಿನಿ ತನ್ನ ಅಡಿಗೆಮನೆಯ ಕಿಟಕಿಗೆ ಕಂಬಳಿಯಷ್ಟು ದಪ್ಪನೆಯ ಬಟ್ಟೆ ತೂಗುಬಿಟ್ಟಳು. ಬಚ್ಚಲಿನ ಬೆಂಕಿಗೆ ಹೆದರಿರಬೇಕು ಪಾಪ ಎಂದೆ ಸುಧಾಗೆ.

“ಬೆಂಕಿಗಲ್ಲರೀ,” ಎಂದಳು ಸುಧಾ ನಗು ತಡೆದು. “ನಾನೂ ವಹಿನಿನ್ನ ಕೇಳಿದೆ. ನಿಮ್ಮ ಯಜಮಾನರು ದಿನಾ ಸ್ನಾನದ ನಡುವ ಎದ್ದೆದ್ದು ನನ್ನ ಬಾಣಲಿ ನೋಡ್ತಾರ, ಭಾಳ ದಿನದಿಂದ ಸಂಕೋಚ ಆಗಿತ್ತು, ಹೇಳೋದು ಹ್ಯಾಂಗ ಅಂತ ಸುಮ್ಮನಿದ್ದೆ ಅಂದ್ರು.”

ಅಂದಿನಿಂದ ನಾನು ಬಚ್ಚಲಲ್ಲಿ ನೆಟ್ಟಗೆ ನಿಂತು, ಯಾರ ಅಂಜಿಕೆಯೂ ಇಲ್ಲದೆ ಸ್ನಾನ ಮಾಡತೊಡಗಿದೆ. ಆಚೆ ಬೇಯುತ್ತಿರುವುದು ಪೋಹೆಯೋ ಥಾಲಿಪೀಠವೋ ಎಂಬುದು ಮಾತ್ರ ತಿಳಿಯದೆ, ಆ ಸ್ನಾನ ಎಷ್ಟು ಹೊತ್ತಾದರೂ ಮುಗಿದಂತೆ ಅನ್ನಿಸುತ್ತಿರಲಿಲ್ಲ.